ನಕ್ಷೆಯ ಹಿಂದಿನ ಗೋಡೆ

ಕಳೆದ ಮಳೆಗಾಲದಲ್ಲಿ ಒಂದು ದಿನ ಕಂಪ್ಯೂಟರಿನ ಪರದೆಯ ಮೇಲೆ ನನ್ನದೇ ಕೈಬರಹ ಕಂಡು ಕುರ್ಚಿಯಲ್ಲಿ ಸೆಟೆದು ಕುಳಿತೆ. ಮೂವತ್ತು ವರ್ಷಕ್ಕೂ ಹಿಂದಿನ ಒಂದು ಫಾರ್ಮಿನ ಚಿತ್ರ ಅದು. ಒಂಬತ್ತು ಪ್ರಶ್ನೆ, ಒಂಬತ್ತಕ್ಕೂ ದುಂಡಗೆ ‘ಇಲ್ಲ’. ಕೆಳಗೆ ನಮ್ಮ ಹೆಡ್‌ಮಾಸ್ತರರ ಸಹಿ, ಸಹಿಯ ಪಕ್ಕದಲ್ಲೊಂದು ಕಂದು ಕಲೆ. ಆ ಕಲೆ ಏನೆಂದು ನನಗಲ್ಲದೆ ಇನ್ಯಾರಿಗೂ ತಿಳಿಯಲಿಕ್ಕಿಲ್ಲ. ಅದು ತಪಕೀರು, ನಿಪ್ಪಾಣಿಯ ನಶ್ಯ. ಪರದೆಯಿಂದ ವಾಸನೆ ಬರುವುದಿಲ್ಲ ಎಂದು ಗೊತ್ತಿದ್ದೂ ಮೂಗು ಚುರುಗುಟ್ಟಿತು…

ನನ್ನ ಕೆಲಸ ಏನೆಂದು ಹೇಳಿದರೆ ನೆಂಟರು ನಗುತ್ತಾರೆ. ಇಡೀ ಏಷ್ಯಾ ಖಂಡಕ್ಕೆ ಚೌಕ ಹಾಕಿ, ಯಾವ ಚೌಕದಲ್ಲಿ ನೆಲ ಎಷ್ಟು ಜೋರಾಗಿ ನಡುಗಬಹುದು ಎಂದು ಕೆಲವರು ಲೆಕ್ಕ ಕಟ್ಟುತ್ತಾರೆ. ಅದಕ್ಕೆ ತಕ್ಕಂತೆ ನಕ್ಷೆಗೆ ಹಳದಿ, ಕೇಸರಿ, ಕೆಂಪು ತುಂಬುತ್ತಾರೆ. ಆ ಲೆಕ್ಕವನ್ನು ನಂಬಬಹುದೇ ಎಂದು ನೋಡುವುದು ನನ್ನ ಪಾಲಿನ ಕೆಲಸ. ಹಿಂದೆ ಭೂಮಿ ನಡುಗಿದಾಗ ಪಾತ್ರೆ ಬಿದ್ದವೇ, ಗೋಡೆ ಸೀಳಿತೇ ಎಂದು ಜನ ಬರೆದುಕೊಟ್ಟ ಫಾರ್ಮುಗಳ ಜೊತೆ ಅದನ್ನು ತಾಳೆ ನೋಡಬೇಕು. ಈಗಿನ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದೂ ತಾಲೂಕುಗಳಿಂದ ಆ ಒಂದು ನಡುಕದ ಬಗ್ಗೆ ಉಳಿದಿದ್ದದ್ದು ಇದೊಂದೇ ಫಾರ್ಮು. ಲೆಕ್ಕ ಜೋರು ನಡುಕ ಎನ್ನುತ್ತಿತ್ತು, ಫಾರ್ಮು ಏನೂ ಆಗಿಲ್ಲ ಎನ್ನುತ್ತಿತ್ತು. ಹಾಗಾದರೆ ಲೆಕ್ಕವೇ ಹೆಚ್ಚಾಗಿದೆ, ಕೇಸರಿಯನ್ನು ಹಳದಿಗೆ ಇಳಿಸೋಣ ಎಂದ ನನ್ನ ಸಹೋದ್ಯೋಗಿ. ಯಾವ ಶಾಲೆಗಳನ್ನು ಮೊದಲು ಗಟ್ಟಿ ಮಾಡಬೇಕು ಎಂಬ ಪಟ್ಟಿ ಆ ಬಣ್ಣ ನೋಡಿಯೇ ತಯಾರಾಗುತ್ತದೆ. ಒಂದು ವಾರ ತಡೆ ಎಂದೆ.

ನಮ್ಮೂರು ಕೃಷ್ಣೆಯ ದಂಡೆಯ ಮೇಲೆ, ಕುಡಚಿಗೂ ಯಡೂರಿಗೂ ನಡುವೆ. ನಾನು ಒಂಬತ್ತನೇ ಇಯತ್ತೆಯಲ್ಲಿದ್ದೆ. ಅಂದು ಶನಿವಾರ, ಮುಂಜಾನೆ ಶಾಲೆ. ಬಯಲಿನಲ್ಲಿ ಕವಾಯತು ನಡೆದಿತ್ತು. ತೂಗುಹಾಕಿದ್ದ ಕಬ್ಬಿಣದ ಪಟ್ಟಿ, ಅದೇ ನಮ್ಮ ಗಂಟೆ, ಯಾರೂ ಬಾರಿಸದೆ ಒಂದು ಸಲ ಸದ್ದು ಮಾಡಿತು. ಕಾಲಡಿಯ ನೆಲ ಯಾರೋ ಎಳೆದು ಬಿಟ್ಟ ಹಾಗಾಯಿತು. ಬೇವಿನ ಮರದ ಕಾಗೆಗಳೆಲ್ಲ ಎದ್ದುಹೋದವು. ಅಷ್ಟೇ. ಒಳಗಿನಿಂದ ಹೆಡ್‌ಮಾಸ್ತರರು ಹೊರಗೆ ಬಂದರು. ಅವರ ಕಪ್ಪು ಟೊಪ್ಪಿಗೆಯ ಮೇಲೆ, ಹೆಗಲ ಮೇಲೆ, ಹುಬ್ಬಿನ ಮೇಲೆ ಸುಣ್ಣದ ಪುಡಿ.  ಕವಾಯತು ಮುಂದುವರಿಸಿ ಎಂದು ಕೈಸನ್ನೆ ಮಾಡಿದರು. ನಾವು ಎಡ, ಬಲ ಎಂದು ಕಾಲು ಎತ್ತಿ ಹಾಕಿದೆವು.

ಅವರ ಕುರ್ಚಿಯ ಹಿಂದಿನ ಗೋಡೆ ಸೂರಿನಿಂದ ನೆಲದವರೆಗೆ ಸೀಳಿತ್ತು. ಆ ಗೋಡೆಯ ಆಚೆಗೇ ನಮ್ಮ ವರ್ಗ. ಸೀಳಿನಲ್ಲಿ ನನ್ನ ಪೆನ್ಸಿಲಿನ ತುದಿ ಹೋಗುತ್ತಿತ್ತು, ತುರುಕಿ ನೋಡಿದ್ದೆ. ಎರಡು ದಿನದಲ್ಲಿ ಗವಂಡಿಯನ್ನು ಕರೆಸಿ ಸಿಮೆಂಟು ಮೆತ್ತಿಸಿ ಸುಣ್ಣ ಬಳಿಸಿದರು. ಮೇಲೆ ಒಂದು ಮೊಳೆ ಹೊಡೆದು ಬಟ್ಟೆಯ ಏಷ್ಯಾ ನಕ್ಷೆ ತೂಗುಹಾಕಿದರು. ಅದುವರೆಗೆ ಆ ನಕ್ಷೆ ಬೀರುವಿನಲ್ಲಿ ಸುರುಳಿ ಸುತ್ತಿಕೊಂಡು ಮಲಗಿತ್ತು. ಇಲಿ ಜಪಾನನ್ನು ತಿಂದು ಮುಗಿಸಿತ್ತು.

ಆಮೇಲೆ ಟಪಾಲಿನಲ್ಲಿ ಆ ಫಾರ್ಮು ಬಂತು. ನನ್ನ ಅಕ್ಷರ ಮುತ್ತು ಪೋಣಿಸಿದ ಹಾಗಿದೆ ಎಂದು ಅವರಿಗೆ ಹೆಮ್ಮೆ, ಆದ್ದರಿಂದ ನನ್ನನ್ನೇ ಕೂರಿಸಿಕೊಂಡರು. ಅವರು ಪ್ರಶ್ನೆ ಓದಿ ‘ಇಲ್ಲ’ ಎನ್ನುತ್ತಿದ್ದರು, ನಾನು ಬರೆಯುತ್ತಿದ್ದೆ. ಏಳನೆಯದು ಗೋಡೆಯ ಪ್ರಶ್ನೆ. ನನ್ನ ಪೆನ್ನು ನಿಂತಿತು. ಸುಳ್ಳು ಹೇಳಿದವರನ್ನು ಬಿಸಿಲಲ್ಲಿ ನಿಲ್ಲಿಸುತ್ತಿದ್ದ ಮನುಷ್ಯ ಅವರು! ಡಬ್ಬಿ ತೆಗೆದು ತಪಕೀರು ಏರಿಸಿದರು. ಒಂದಿಷ್ಟು ಪುಡಿ ಕಾಗದದ ಮೇಲೆ ಚೆಲ್ಲಿತು.

“ಬರಿ ತಂಗಿ. ಗ್ವಾಡಿ ಬಿರಕ ಬಿಟ್ಟೈತಿ ಅಂತ ಬರದ್ರ ಸಾಲಿ ಮುಚ್ಚತಾರ. ಸಾಲಿ ಮುಚ್ಚಿದ್ರ ಹುಡುಗ್ರು ಸೈಕಲ್ ಹತ್ತಿ ಕುಡಚಿಗಿ ಹೋಗ್ತಾರ. ನೀವ್ ಏಳು ಮಂದಿ ಹುಡುಗ್ಯಾರು ಎಲ್ಲಿಗಿ ಹೋಗ್ತೀರಿ?”

ಎಲ್ಲಿಗೂ ಇಲ್ಲ. ಅದು ನನಗೂ ಗೊತ್ತಿತ್ತು. ನಮ್ಮ ಅಬ್ಬಾ ಕುಡಚಿಯ ಸ್ಟೇಷನ್ನಿನ ಹತ್ತಿರ ಹೊಲಿಗೆ ಮಷಿನ್ನು ಇಟ್ಟುಕೊಂಡಿದ್ದರು. ಊರಲ್ಲಿ ಶಾಲೆ ಇರುವತನಕ ಓದಲಿ ಎನ್ನುತ್ತಿದ್ದರು. ಏಳೂ ಮನೆಗಳಲ್ಲಿ, ದರ್ಗಾದ ಓಣಿಯಲ್ಲೂ ಮಠದ ಓಣಿಯಲ್ಲೂ, ಅದೇ ಮಾತು. ನಾನು ‘ಇಲ್ಲ’ ಎಂದು ಬರೆದೆ. ಆ ಒಂದು ಸುಳ್ಳಿನ ಮೇಲೆ ನನ್ನ ಹತ್ತನೇ ಇಯತ್ತೆ, ಕಾಲೇಜು, ಈ ಕುರ್ಚಿ, ಎಲ್ಲ ನಿಂತಿವೆ.

ಕೆಲಸ ಸಿಕ್ಕ ವರ್ಷ ನಿಪ್ಪಾಣಿಗೆ ಹೋಗಿ ಅವರ ಕಾಲು ಮುಟ್ಟಿದ್ದೆ. ನಿವೃತ್ತರಾಗಿ ಮಗಳ ಮನೆಯಲ್ಲಿದ್ದರು. ಏನು ಕೆಲಸ ಎಂದು ಕೇಳಿದರು, ಹೇಳಿದೆ. ಡಬ್ಬಿ ತೆಗೆದು ಒಂದು ಚಿಟಿಕೆ ತಪಕೀರು ಏರಿಸಿದರು. ಆಮೇಲೆ, ನಮ್ಮ ಕಡೆ ನಕ್ಷೆಯಲ್ಲಿ ಯಾವ ಬಣ್ಣ ಇದೆ ಎಂದರು. ಕೇಸರಿ ಎಂದೆ.

“ಚಲೋ ಆತು. ಹಂಗ ಇರಲಿ.”

ಹಿರಿಯರು ಏನೋ ಅನ್ನುತ್ತಾರೆ ಎಂದುಕೊಂಡು ಚಹಾ ಕುಡಿದು ಎದ್ದುಬಂದೆ. ನಾನು ದಡ್ಡಿ. ಅವರು ಆ ಫಾರ್ಮನ್ನು ಒಂದು ದಿನವೂ ಮರೆತಿರಲಿಲ್ಲ… ಮುಂದಿನ ಚಳಿಗಾಲದಲ್ಲಿ ಹೋಗಿಬಿಟ್ಟರಂತೆ. ಸುದ್ದಿ ನನಗೆ ತಿಂಗಳ ಮೇಲೆ ತಲುಪಿತು.

ಫಾರ್ಮು ಕಂಡ ವಾರವೇ ಊರಿಗೆ ಹೋದೆ. ಶಾಲೆ ಅಲ್ಲೇ ಇತ್ತು, ಪಾಠ ನಡೆದಿತ್ತು. ಈಗಿನ ಹೆಡ್‌ಮೇಡಂ ಅಥಣಿಯವರು. ಚಹಾ ತರಿಸಿ, ಕಟ್ಟಡ ಭಾಳ ಗಟ್ಟಿ ಎಂದರು. ಕುರ್ಚಿಯ ಹಿಂದೆ ಏಷ್ಯಾ ನಕ್ಷೆ. ಆದರೆ ಇದು ಹಳೆಯದಲ್ಲ. ಹೊಸದು, ಹಳೆಯದಕ್ಕಿಂತ ಅಗಲ. ನಾನು ಎದ್ದು ಅದರ ಅಂಚಿಗೆ ಕೈ ಹಾಕಿದೆ.

“ನಕಾಶಾ ಎತ್ತಬ್ಯಾಡ್ರಿ ಮೇಡಂ,” ಎಂದರು ಅವರು ತಣ್ಣಗೆ. “ಹಿಂದ ಏನ ಐತಿ ಅಂತ ನಮಗೂ ಗೊತ್ತೈತ್ರಿ.”

ಎತ್ತಿದೆ. ಪೆನ್ಸಿಲಿನ ತುದಿ ಹೋಗುತ್ತಿದ್ದ ಜಾಗದಲ್ಲಿ ಈಗ ನನ್ನ ಅಂಗೈ ಹೋಯಿತು. ಒಳಗಿನಿಂದ ತಣ್ಣನೆಯ ಗಾಳಿ ಬಂತು. ಗಾಳಿಯ ಜೊತೆಗೇ ಆಚೆ ವರ್ಗದ ಹುಡುಗಿಯರು ಒಟ್ಟಾಗಿ ಪದ್ಯ ಹೇಳುವುದು ಕಿವಿಯ ಹತ್ತಿರವೇ ಕೇಳಿಸಿತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ನೋಡುತ್ತಲೇ ನಡುವೆ ಬಂದ ಹೆಡ್‌ಮಾಸ್ತರರೆಲ್ಲ ನಿವೃತ್ತರಾಗಿದ್ದರು. ಸೀಳು ಅಗಲವಾದಂತೆ ನಕ್ಷೆಯನ್ನೂ ಬದಲಿಸಿದ್ದರು. ಈಗ ಹುಡುಗಿಯರೇ ಹೆಚ್ಚಿದ್ದಾರೆ ಎಂದರು ಹೆಡ್‌ಮೇಡಂ. ಬರೆದುಕೊಟ್ಟರೆ ಮುಚ್ಚುತ್ತಾರೆ ಎಂದರು. ಯಾರೂ ಕಲಿಸಿಕೊಡದ ಆ ಮಾತು ಅವರ ಬಾಯಲ್ಲೂ ಹಾಗೇ ಬಂತು.

ವಾಪಸು ಬಂದು ಕಚೇರಿಗೆ ಬರೆದೆ. ಈ ಫಾರ್ಮಿನ ಏಳನೆಯ ಉತ್ತರ ಸುಳ್ಳು, ಬರೆದವಳು ನಾನು, ಗೋಡೆ ಸೀಳಿದ್ದನ್ನು ಕಣ್ಣಾರೆ ಕಂಡಿದ್ದೇನೆ, ಇಂದಿಗೂ ಸೀಳಿದೆ ಎಂದು. ಬರೆಸಿದವರು ಯಾರೆಂದು ಮೇಲಿನವರು ಕೇಳಿದರು. ಅದನ್ನೂ ಹೇಳಬೇಕಾಯಿತು. ಅವರ ಹೆಸರು ಬರೆಯುವಾಗ ಅತ್ತೆ. ಖಂಡದ ನಕ್ಷೆಯಲ್ಲಿ ನಮ್ಮ ಚೌಕ ಕೇಸರಿಯಾಗಿಯೇ ಉಳಿಯಿತು. ಹಂಗ ಇರಲಿ ಎಂದು ಹೆಡ್‌ಮಾಸ್ತರರು ಹೇಳಿದ್ದಂತೆಯೇ ಆಯಿತು.

ನಾನು ಬರೆದದ್ದು ಶಿಕ್ಷಣ ಇಲಾಖೆಗೂ ತಲುಪಿ ಶಾಲೆಗೆ ಬೀಗ ಬಿತ್ತು. ಹೊಸ ಕಟ್ಟಡ ಮಂಜೂರಾಗುವತನಕ ಮಕ್ಕಳು ಕುಡಚಿಗೆ ಹೋಗಬೇಕು. ಹೆಡ್‌ಮೇಡಂ ಒಮ್ಮೆ ಫೋನು ಮಾಡಿದ್ದರು. ಬೈಯಲಿಲ್ಲ. ಒಂಬತ್ತನೇ ಇಯತ್ತೆಯ ನಾಲ್ಕು ಹುಡುಗಿಯರು ಬರುವುದು ಬಿಟ್ಟಿದ್ದಾರೆ, ಒಬ್ಬಳಿಗೆ ವರ ನೋಡುತ್ತಿದ್ದಾರೆ ಎಂದಷ್ಟೇ ಹೇಳಿದರು. ನಾನು ಸರಿ ಮಾಡಿದೆನೇ ಎಂದು ಕೇಳಲು ಹೆಡ್‌ಮಾಸ್ತರರೊಬ್ಬರೇ ಇದ್ದರು. ಅವರಿಲ್ಲ.

ನೆಲ ಇನ್ನೂ ಅಲುಗಿಲ್ಲ. ಬೀಗ ಹಾಕಿದ ಶಾಲೆಯೊಳಗೆ ಆ ಗೋಡೆ ನಿಂತೇ ಇದೆ. ಶನಿವಾರ ಮುಂಜಾನೆ ಎಚ್ಚರವಾದ ಕೂಡಲೇ ಅದರ ನೆನಪಾಗುತ್ತದೆ. ಬಿದ್ದುಬಿಡಲಿ, ನಾನು ಬರೆದದ್ದು ಸರಿ ಎಂದಾಗಲಿ ಎಂದು ಒಂದೊಂದು ಸಲ ಅನ್ನಿಸುತ್ತದೆ, ಆಗ ನನಗೆ ನನ್ನನ್ನು ಕಂಡೇ ಹೆದರಿಕೆಯಾಗುತ್ತದೆ.