ಸದ್ದಿಲ್ಲದೆ ಇಳಿದ ಡೋರು

ನಮ್ಮ ಮಾವನ ಪಿಕಪ್ ಗಾಡಿಯ ಹಿಂದಿನ ಡೋರಿಗೆ ಇಳಿಯುವುದು ಗೊತ್ತಿರಲಿಲ್ಲ, ಬೀಳುವುದೊಂದೇ ಗೊತ್ತಿತ್ತು. ಎರಡೂ ಬದಿಯ ಕೊಂಡಿ ತೆಗೆದರೆ ಸಾಕು, ಕೈ ಕೊಟ್ಟು ಹಿಡಿಯುವಷ್ಟೂ ಹೊತ್ತು ಕೊಡದೆ ಬಂದು ಬಂಪರಿಗೆ ಬಡಿಯುತ್ತಿತ್ತು. ಆ ಸದ್ದು ಅಂಗಳ ದಾಟಿ, ಹಿಪ್ಪುನೇರಳೆ ತೋಟ ದಾಟಿ, ಎದುರಿನ ಬೆಟ್ಟಕ್ಕೆ ತಾಗಿ ವಾಪಸು ಬರುತ್ತಿತ್ತು. ಕಳವಾರದ ಕಡೆಯ ಬೆಟ್ಟದ ಬುಡದಲ್ಲಿ ಎಲ್ಲ ಊರೂ ಹೀಗೆಯೇ. ಒಂದು ನಾಯಿ ಬೊಗಳಿದರೆ ಇನ್ನೊಂದು ಅದಕ್ಕೆ ಉತ್ತರ ಕೊಟ್ಟ ಹಾಗೆ ಕೇಳುತ್ತದೆ.

ಡೋರು ಬಿದ್ದ ಕೂಡಲೇ ತಾತನೂ ಬೀಳುತ್ತಿದ್ದ. ಗಾಡಿ ಬಂದ ಹೊಸದರಲ್ಲಿ ಗೋಡೆಗೆ ಒತ್ತಿಕೊಂಡು ತಲೆಯ ಮೇಲೆ ಕೈಯಿಟ್ಟು ಕುಕ್ಕರಿಸುತ್ತಿದ್ದವನು, ಆ ಬೇಸಿಗೆಯಲ್ಲಿ ಜಗಲಿಯ ಕಲ್ಲಿನ ಮೇಲೆ ಬೋರಲಾಗಿ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡ. ಇನ್ನೊಂದು ಸಲ ಬಿದ್ದರೆ ಎದ್ದು ಓಡಾಡುವ ಆಸೆ ಬಿಡಬೇಕು ಎಂದು ಚಿಕ್ಕಬಳ್ಳಾಪುರದ ಡಾಕ್ಟರು ಹೇಳಿದರು. ಗಾಡಿಯಿಲ್ಲದೆ ನಮ್ಮ ಮನೆ ನಡೆಯುವಂತಿರಲಿಲ್ಲ. ರೇಷ್ಮೆಗೂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋಗಬೇಕು, ಹುರುಳಿಕಾಯಿ ಚಿಕ್ಕಬಳ್ಳಾಪುರಕ್ಕೆ ಹೋಗಬೇಕು. ಹಾಗಾಗಿ ಗಾಡಿ ಇರಲಿ, ತಾತನನ್ನು ಗೌರಿಬಿದನೂರಿನ ದೊಡ್ಡಮ್ಮನ ಮನೆಯಲ್ಲಿ ಬಿಡೋಣ ಎಂದು ಮಾವ ತೀರ್ಮಾನಿಸಿದ. ಅಲ್ಲಿ ಸಾಲು ಮನೆ, ಸಿಮೆಂಟಿನ ರಸ್ತೆ, ಗಾಡಿ ಒಳಗೆ ಬರುವುದೇ ಇಲ್ಲ.

ತಾತ ಕೇಳಿಸಿಕೊಂಡು ಬೀಡಿ ಆರಿಸಿದ. "ಕಳಿಸೋದಾದ್ರೆ ಅದೇ ಗಾಡೀಲಿ ಮಲಗ್ಸಿ ಕಳ್ಸಪ್ಪ. ಕೂತ್ಕೊಂಡಂತೂ ಹೋಗಲ್ಲ."

ಹುಟ್ಟಿದಾಗಿನಿಂದ ಬೆಟ್ಟ ನೋಡಿಕೊಂಡು ಹಲ್ಲುಜ್ಜಿದ ಮನುಷ್ಯ ಬೇರೆ ಏನು ಹೇಳಿಯಾನು. ಮಾವ ಎದ್ದುಹೋದ. ಆದರೆ ತೀರ್ಮಾನ ಬದಲಾಯಿಸಲಿಲ್ಲ. ಈ ಹುಳು ಗೂಡು ಕಟ್ಟುವವರೆಗೆ ನೋಡುತ್ತೇನೆ, ಆಮೇಲೆ ಬಿಟ್ಟುಬರುತ್ತೇನೆ ಎಂದು ಅಮ್ಮನ ಹತ್ತಿರ ಹೇಳಿಕೊಂಡ.

ಊರಿನವರ ಬಳಿ ಬೇರೆಯೇ ವಿವರಣೆ ಇತ್ತು. ಗಾಡಿ ಸೆಕೆಂಡ್ ಹ್ಯಾಂಡು, ಹಿಂದಿನ ಓನರು ಏನೇನು ಹೊತ್ತು ಹಾಕಿದ್ದನೋ, ಅದಕ್ಕೆ ಗಾಳಿ ಮೆತ್ತಿಕೊಂಡಿದೆ ಎಂದು ಎದುರು ಮನೆಯ ಅತ್ತೆ ಸಾರಿದಳು. ಮಂಚೇನಹಳ್ಳಿಯಿಂದ ಯಾರನ್ನೋ ಕರೆಸಿ ದಿಗ್ಬಂಧನ ಮಾಡಿಸಬೇಕಂತೆ. ಆಗ ನಾನು ಚಿಕ್ಕಬಳ್ಳಾಪುರದಲ್ಲಿ ಡಿಗ್ರಿ ಓದುತ್ತಿದ್ದೆ. ಚರ್ಚಾಸ್ಪರ್ಧೆಗೆಂದು ಚಿಂತಾಮಣಿಯವರೆಗೂ ಹೋಗಿ ಕಪ್ ತಂದವಳು. ಗಾಳಿ ಎಂದವರನ್ನು ಸುಮ್ಮನೆ ಬಿಡುವ ಅಭ್ಯಾಸ ನನಗಿರಲಿಲ್ಲ. ಡೋರು ತೆಗೆಯುವಾಗ ಹಿಡಿಯುವ ಗಾಳಿ ಹಾಕುವಾಗ ಯಾಕೆ ಹಿಡಿಯುವುದಿಲ್ಲ, ಅದಕ್ಕೂ ಡ್ಯೂಟಿ ಟೈಮು ಇದೆಯಾ ಎಂದು ಕೇಳಿದೆ. ಅತ್ತೆ ಮೊರದ ಅಕ್ಕಿಯಿಂದ ಕಣ್ಣೆತ್ತದೆ, "ಓದಿದ ಬಾಯಿ ಕಣೇ ನಿಂದು. ಅದೂ ಒಂದಿನ ಮುಚ್ಕೊಳ್ತದೆ, ನೋಡ್ತಿರು," ಎಂದಳು.

ನನ್ನ ವಾದ ಬಹಳ ನೇರವಾಗಿತ್ತು. ತಾತ ಯೌವನವೆಲ್ಲ ಬಂಡೆ ಕೆಲಸ ಮಾಡಿದವನು, ಕ್ವಾರಿಯಲ್ಲಿ ಮದ್ದಿಗೆ ಬತ್ತಿ ಇಡುವ ಮೇಸ್ತ್ರಿ. ದೊಡ್ಡ ಸದ್ದಿಗೆ ಅವನ ಮೈ ತಾನಾಗಿ ಬಗ್ಗುತ್ತದೆ. ಭಯಕ್ಕೆ ಸದ್ದು ಕಾರಣ, ಸದ್ದಿಗೆ ಡೋರು ಕಾರಣ. ಡೋರು ಮೆಲ್ಲಗೆ ಇಳಿದರೆ ಸದ್ದಿಲ್ಲ, ಸದ್ದಿಲ್ಲದಿದ್ದರೆ ಭಯವಿಲ್ಲ, ಭಯವಿಲ್ಲದಿದ್ದರೆ ಗೌರಿಬಿದನೂರೂ ಇಲ್ಲ. ಇದರಲ್ಲಿ ಎಲ್ಲಿ ತೂತಿದೆ ಹೇಳು ಎಂದು ಮಾವನನ್ನು ಊಟದ ಹೊತ್ತಿನಲ್ಲಿ ಹಿಡಿದುಕೊಂಡೆ. ಎಲ್ಲ ಗಾಡಿಯ ಡೋರೂ ಬೀಳುತ್ತದೆ, ಬೀಳುವುದಕ್ಕೇ ಅದನ್ನು ಮಾಡಿರುವುದು ಎಂದ. ಮೂರು ದಿನ ವಾದ ಮಾಡಿದ ಮೇಲೆ, ಹೆಚ್ಚಾಗಿ ನನ್ನ ಬಾಯಿ ಮುಚ್ಚಿಸಲು, ಒಪ್ಪಿಕೊಂಡ.

ಶಿಡ್ಲಘಟ್ಟದ ಕಡೆ ಹಿಪ್ಪುನೇರಳೆ ಸೊಪ್ಪು ಕೊಳ್ಳಲು ಹೋಗುವುದಿತ್ತು. ನಮ್ಮ ಹುಳು ನಾಲ್ಕನೇ ಜ್ವರ ಕಳೆದು ಎದ್ದಿದ್ದವು. ಪೊರೆ ಬಿಟ್ಟು ಎದ್ದ ಆ ಹಸಿವಿಗೆ ನಮ್ಮ ತೋಟದ ಸೊಪ್ಪು ಏನೂ ಸಾಲುವುದಿಲ್ಲ. ನಾನೂ ಗಾಡಿ ಹತ್ತಿದೆ. ದಾರಿಯಲ್ಲಿ ಸಿಕ್ಕ ಗ್ಯಾರೇಜಿನವನು ಡೋರನ್ನು ಎತ್ತಿ, ತೂಕ ನೋಡಿ, ಮಾವನ ಮುಖ ನೋಡಿದ. ಕ್ರೇಟು ಬಡಿದು ತಗ್ಗಾಗುತ್ತದೆ ಎಂದು ಮಾವ ಹಿಂದಿನ ವರ್ಷ ಒಳಮೈಗೆ ಇನ್ನೊಂದು ಕಬ್ಬಿಣದ ತಗಡು ವೆಲ್ಡ್ ಮಾಡಿಸಿದ್ದ. ಅದೇ ಡೋರಿನ ತೂಕವನ್ನು ಎರಡು ಪಟ್ಟು ಮಾಡಿತ್ತು. ಕೀಲಿನ ಪಿನ್ನುಗಳೂ ಸವೆದು ಲೊಡಲೊಡ ಎನ್ನುತ್ತಿದ್ದವು.

"ಡೋರಲ್ಲ ಅಣ್ಣಾ ಇದು, ಬೀರು," ಎಂದ ಅವನು. "ಬಟ್ಟೆ ಇಟ್ಕೊಳಿ ಒಳಗೆ."

ಮಾವನಿಗೆ ಸಿಟ್ಟು ಬಂತು, ನನಗೆ ನಗು. ಗ್ಯಾರೇಜಿನವನು ತಗಡು ಕಿತ್ತು, ಪಿನ್ನು ಬದಲಾಯಿಸಿ, ಬಂಪರಿಗೆ ಹಳೆ ಟೈರಿನ ಪಟ್ಟಿ ಹೊಡೆದ. ಡೋರು ಆಗಲೂ ಅವಸರದಲ್ಲೇ ಬಿತ್ತು, ಸದ್ದು ಮಾತ್ರ ದಪ್ಪವಾಯಿತು. ನಾನು ಸಾಲದು ಎಂದೆ. ತಲೆ ಕೆರೆದುಕೊಂಡು ಮೂಲೆಯ ರಾಶಿಯಿಂದ ಬೈಕಿನ ಹಳೆಯ ಶಾಕ್ ಅಬ್ಸಾರ್ಬರ್ ಒಂದನ್ನು ಹುಡುಕಿ ತಂದ. ಅದರ ಸ್ಪ್ರಿಂಗು ಬಿಚ್ಚಿ, ಬರಿಯ ಕೊಳವೆಯನ್ನು ಕೀಲಿನ ಪಕ್ಕದಲ್ಲಿ ಒಂದು ತುದಿ ಬಾಡಿಗೆ, ಇನ್ನೊಂದು ತುದಿ ಡೋರಿಗೆ ಬರುವಂತೆ ಕೂರಿಸಿದ. ಡೋರು ಬೀಳಬೇಕೆಂದರೆ ಆ ಕೊಳವೆಯನ್ನು ಎಳೆದು ಉದ್ದ ಮಾಡಬೇಕು, ಒಳಗಿನ ಎಣ್ಣೆ ಬಿಡಬೇಕಲ್ಲ. ಬೇಡವೆಂದಾಗ ಕೊಳವೆಯನ್ನು ಡೋರಿನಿಂದ ಬಿಡಿಸಲು, ಎಳೆದರೆ ಬರುವ, ಬಳೆಯಂಥ ತಲೆಯ ಒಂದು ಪಿನ್ನನ್ನೂ ಇಟ್ಟ. ಕೊಂಡಿ ತೆಗೆದ. ಎಮ್ಮೆ ಮಲಗುವ ಹಾಗೆ, ಮೊದಲು ಸ್ವಲ್ಪ ಯೋಚಿಸಿ, ಆಮೇಲೆ ಡೋರು ಮೆಲ್ಲಗೆ ಬಗ್ಗಿ ನಿಂತಿತು.

ಸಾಯಂಕಾಲ ಸೊಪ್ಪು ತುಂಬಿಕೊಂಡು ಊರಿಗೆ ಬಂದೆವು. ಅಂಗಳದಲ್ಲಿ ಇನ್ನೂ ಬಿಸಿಲಿತ್ತು. ಗೆದ್ದದ್ದನ್ನು ಎಲ್ಲರೂ ನೋಡಬೇಕೆಂದು ನಾನೇ ಎಲ್ಲರನ್ನೂ ಹೊರಗೆ ಕರೆದೆ. ತಾತ, ಅಜ್ಜಿ, ಅಮ್ಮ. ಗಾಡಿಯಿಂದ ದೂರ ಇರಲಿ ಎಂದು ಜಗಲಿಯ ಮೇಲೆ ಸಾಲಾಗಿ ನಿಲ್ಲಿಸಿದೆ. ಎಲ್ಲರೂ ಹಿಂದೆ ಸರಿದಿದ್ದಾರೆಂದು ನೋಡಿಕೊಂಡು, ಕೈಯೆತ್ತಿ, "ಬಿಡು ಮಾವ," ಎಂದೆ. ಟಕ್, ಟಕ್ ಎಂದು ಕೊಂಡಿ ಎರಡೂ ಬಿಚ್ಚಿಕೊಂಡವು. ಡೋರು ಇಳಿಯಿತು. ಸದ್ದೇ ಇಲ್ಲ. ಅಮ್ಮ ನಕ್ಕಳು. ಮಾವ ಗಾಡಿಯ ಪಕ್ಕದಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತ.

ತಾತ ಬೀಳಲಿಲ್ಲ. ನಿಂತೇ ಇದ್ದ. ತಲೆ ಒಂದು ಪಕ್ಕಕ್ಕೆ ವಾಲಿತ್ತು, ಯಾರೋ ದೂರದಲ್ಲಿ ಹೇಳುವುದನ್ನು ಕೇಳಿಸಿಕೊಳ್ಳುವ ಹಾಗೆ. ಆಮೇಲೆ ನಾನೆಂದೂ ಕೇಳಿರದ ದೊಡ್ಡ ದನಿಯಲ್ಲಿ ಮಾವನನ್ನು ಕರೆದ. ಬೈಗುಳವೂ ಇತ್ತು ಅದರಲ್ಲಿ. ನಲವತ್ತು ದಾಟಿದ ಮಾವ ಯಾಕೆಂದು ಕೇಳದೆ ಓಡಿಬಂದು ಜಗಲಿ ಹತ್ತಿದ. ತಾತ ಎರಡೂ ತೋಳು ಚಾಚಿ ನಮ್ಮನ್ನೆಲ್ಲ ಬಾಗಿಲ ಒಳಕ್ಕೆ ತಳ್ಳಿ, ಹೊಸ್ತಿಲಿಗೆ ಅಡ್ಡ ನಿಂತುಕೊಂಡ.

"ಯಾರೂ ಹೋಗ್ಬೇಡಿ. ಒಂದು ಉಳ್ಕೊಂಡೈತೆ."

ಡೋರು ರಿಪೇರಿಯಾಗಿದೆ ತಾತ, ಕಣ್ಣೆದುರಿಗೇ ಇಳಿದು ನಿಂತಿದೆ ನೋಡು ಎಂದೆ. ಅವನು ನೋಡಿದ. ಅವನಿಗೆ ಕಣ್ಣು ಚೆನ್ನಾಗಿಯೇ ಇತ್ತು, ಬುದ್ಧಿಯೂ. ನಾನು ಯಾರು, ಗಾಡಿ ಯಾರದ್ದು, ಸೊಪ್ಪು ಎಲ್ಲಿಯದು ಎಲ್ಲವನ್ನೂ ಸರಿಯಾಗಿ ಹೇಳಿದ. "ಇಳಿದಿದ್ದು ಕಾಣ್ತದಮ್ಮ," ಎಂದ, ಮಗುವಿಗೆ ತಿಳಿಹೇಳುವ ಹಾಗೆ. "ಸದ್ದು ಬರ್ಲಿಲ್ವಲ್ಲ."

ನಾನು ಮತ್ತೆ ವಾದ ಕಟ್ಟಿದೆ. ಮದ್ದಿಲ್ಲ, ಬತ್ತಿಯಿಲ್ಲ, ಅದು ಬರೀ ಸೊಪ್ಪಿನ ಗಾಡಿ. ಅವನು ಪ್ರತಿಯೊಂದಕ್ಕೂ ತಲೆಯಾಡಿಸಿದ, ಪ್ರತಿಯೊಂದನ್ನೂ ಒಪ್ಪಿದ, ಹೊಸ್ತಿಲು ಮಾತ್ರ ಬಿಡಲಿಲ್ಲ. ಎದುರು ಪಕ್ಷ ನನ್ನ ಎಲ್ಲ ಮಾತನ್ನೂ ಒಪ್ಪಿಕೊಂಡು ಅಲ್ಲೇ ನಿಂತುಬಿಟ್ಟರೆ ಏನು ಮಾಡಬೇಕೆಂದು ನನಗೆ ಯಾವ ಕಾಲೇಜಿನಲ್ಲೂ ಹೇಳಿಕೊಟ್ಟಿರಲಿಲ್ಲ. ಪಕ್ಕಕ್ಕೆ ಸರಿಸೋಣವೆಂದರೆ ಆ ಸೊಂಟ. ಮಾವ ಒಮ್ಮೆ ತೋಳು ಮುಟ್ಟಿದ, ತಾತ ಬಾಗಿಲ ಚೌಕಟ್ಟನ್ನು ಹಿಡಿದ ಬಿಗಿ ನೋಡಿ ಕೈಬಿಟ್ಟ. ಗಾಡಿಯಲ್ಲಿ ಒತ್ತಿ ತುಂಬಿದ ಸೊಪ್ಪು ಬಿಸಿಯಾಗುತ್ತಿತ್ತು. ಹುಳುವಿನ ಮನೆಯಲ್ಲಿ ತಿನ್ನುವ ಸದ್ದು ನಿಂತುಹೋಗಿತ್ತು. ಆ ಸದ್ದು ಇರುವಾಗ ಗಮನಕ್ಕೇ ಬರುವುದಿಲ್ಲ, ನಿಂತಾಗ ಇಡೀ ಮನೆ ಕಿವಿಯಾಗುತ್ತದೆ. ಇದಾದ ಮೇಲೆ ಅಪ್ಪನನ್ನು ಇಲ್ಲಿಟ್ಟುಕೊಳ್ಳುವುದು ಹೇಗೆ, ನಾಳೆಯೇ ಗೌರಿಬಿದನೂರಿಗೆ ಹೊರಡಿಸುತ್ತೇನೆ ಎಂದು ಮಾವ ಅಮ್ಮನ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು.

ಅಜ್ಜಿ ನನ್ನನ್ನು ಅಡುಗೆಮನೆಗೆ ಕರೆದಳು. ಒಲೆಯ ಮುಂದೆ ಕೂತು, ಬೂದಿ ಕೆದಕುತ್ತ, ಬೇರೆ ಯಾರದೋ ಮನೆಯ ಸುದ್ದಿಯ ಹಾಗೆ ಹೇಳಿದಳು. ಕ್ವಾರಿಯಲ್ಲಿ ಬಂಡೆಗೆ ಕುಳಿ ಕೊರೆದು ಮದ್ದು ತುಂಬಿ, ಎಲ್ಲರನ್ನೂ ದೂರ ಸರಿಸಿ, ಕೂಗಿ ಹೇಳಿ ಬತ್ತಿ ಇಡುತ್ತಿದ್ದರಂತೆ. ಎಷ್ಟು ಕುಳಿಗೆ ಇಟ್ಟರೋ ಅಷ್ಟು ಸದ್ದು ಎಣಿಸಬೇಕು. ಒಂದು ಕಡಿಮೆ ಬಂದರೂ ಯಾರೂ ಹತ್ತಿರ ಹೋಗುವಂತಿಲ್ಲ. ಎಣಿಸುವವನು ತಾತ. ಒಂದು ದಿನ ಎಲ್ಲವೂ ಆಯಿತು, ಹೋಗಿ ಎಂದ. ಮೊದಲು ಹೋದವನು ಅಜ್ಜಿಯ ತಮ್ಮ. ಒಂದು ಕುಳಿ ಉಳಿದಿತ್ತು.

ಅಜ್ಜಿಗೊಬ್ಬ ತಮ್ಮನಿದ್ದನೆಂದೇ ನನಗೆ ಆವತ್ತು ಗೊತ್ತಾದದ್ದು. ಲೆಕ್ಕ ಹೇಗೆ ತಪ್ಪಿತು ಎಂದು ಕೇಳಿದೆ. "ನಿಮ್ಮ ತಾತ ಹೇಳಿಲ್ಲ. ನಾನು ಕೇಳಿಲ್ಲ," ಎಂದಳು. ಆಮೇಲೆ ಸೆರಗು ಕೊಡವಿಕೊಂಡು ಎದ್ದು ಮಾವನನ್ನು ಕರೆದಳು. ಹಿತ್ತಲ ಬಾಗಿಲಿಂದ ಸುತ್ತಿ ಹೋಗು, ಡೋರು ಎತ್ತು, ಆ ಪಿನ್ನು ಕಿತ್ತುಹಾಕಿ ಮೊದಲಿನ ಹಾಗೆ ಬೀಳಿಸು ಎಂದಳು. ನಾನು ತಡೆದೆ. ಬಿದ್ದರೆ ತಾತನೂ ಬೀಳುತ್ತಾನೆ, ಸೊಂಟ ಹೋಗುತ್ತದೆ.

"ಹೇಳಿ ಬಿಟ್ರೆ ಬೀಳಲ್ಲ ಕಣೇ. ಇಷ್ಟು ದಿನ ಹೇಳ್ದೆ ಬಿಟ್ರಲ್ಲ, ಅದಕ್ಕೆ ಬಿದ್ದ."

ಏನೆಂದು ಕೂಗಬೇಕೆಂದೂ ಅವಳೇ ಹೇಳಿಕೊಟ್ಟಳು. ನಾನು ಹೋಗಿ ತಾತನ ಪಕ್ಕದಲ್ಲಿ ನಿಂತು, ಅವನ ತೋಳನ್ನು ನನ್ನೆರಡು ಕೈಯಲ್ಲೂ ಹಿಡಿದುಕೊಂಡೆ. ಮಾವ ಗಾಡಿಯ ಹಿಂದೆ ಪ್ರತ್ಯಕ್ಷನಾದಾಗ ತಾತನ ಮೈ ಬಿಗಿಯಾಯಿತು. ಮಾವ ಡೋರು ಎತ್ತಿ, ಪಿನ್ನು ಎಳೆದು, ಸ್ವಲ್ಪ ನಾಚಿಕೊಂಡೇ ಕೂಗಿದ. "ಬತ್ತಿ ಇಟ್ಟೈತೆ... ದೂರ... ದೂರ..."

ನನ್ನ ಕೈಯೊಳಗಿನ ತೋಳು ಸಡಿಲವಾಯಿತು. ತಾತ ನೆಟ್ಟಗೆ ನಿಂತ. ಡೋರು ಬಿತ್ತು. ಟೈರಿನ ಪಟ್ಟಿಯಿದ್ದರೂ ಅಂಗಳ ನಡುಗಿತು. ತಾತ ಬಗ್ಗಲಿಲ್ಲ, ಬೆಟ್ಟದ ಕಡೆ ನೋಡಿದ. ಅಲ್ಲಿಂದ ಇನ್ನೊಂದು ಸದ್ದು ಬಂತು, ಮೊದಲನೆಯದಕ್ಕಿಂತ ತುಸು ತೆಳ್ಳಗೆ.

"ಎರಡನೇದು ಬೆಟ್ಟದ್ದು," ಎಂದ ತಾತ. "ಅದನ್ನ ಎಣಿಸ್ಬಾರ್ದು."

ಅಜ್ಜಿ ನಮ್ಮ ಹಿಂದೆ ಸೊಪ್ಪಿನ ಕುಕ್ಕೆ ಸೊಂಟಕ್ಕಿಟ್ಟು ನಿಂತಿದ್ದಳು. ಅಷ್ಟು ವರ್ಷ ಅವಳು ಕೇಳದೆ ಇದ್ದದ್ದಕ್ಕೆ ಉತ್ತರ ಬಂದಿತ್ತು. ಆ ದಿನ ತಾತ ಬೆಟ್ಟ ಹಿಂದಿರುಗಿಸಿದ ಸದ್ದನ್ನು ಇನ್ನೊಂದು ಕುಳಿಯ ಸದ್ದೆಂದು ಎಣಿಸಿಕೊಂಡಿದ್ದ. ನಾನು ತಿರುಗಿ ಅವಳ ಮುಖ ನೋಡಲು ಹೋಗಲಿಲ್ಲ. ಅವಳು ಕುಕ್ಕೆ ಸರಿಮಾಡಿಕೊಂಡು, "ಈಗ ಹೋಗ್ಲಾ?" ಎಂದು ಕೇಳಿದಳು. ತಾತ ಹೊಸ್ತಿಲಿನಿಂದ ಸರಿದ. ಬಾಯಿಬಿಟ್ಟು ಹೋಗು ಎನ್ನಲಿಲ್ಲ. ತಾನೇ ಮುಂದೆ ನಡೆದು, ಗಾಡಿಯ ಸುತ್ತ ಒಂದು ಸುತ್ತು ಬಂದು, ಡೋರಿನ ಮೇಲೆ ಅಂಗೈ ಇಟ್ಟು, ಆಮೇಲೆ ಅವಳತ್ತ ನೋಡಿ ತಲೆಯಾಡಿಸಿದ.

ಗೌರಿಬಿದನೂರಿನ ಮಾತು ಮತ್ತೆ ಬರಲಿಲ್ಲ. ಪಿನ್ನು ಮಾವನ ಡ್ಯಾಶ್‌ಬೋರ್ಡಿನಲ್ಲಿ ಬಿದ್ದುಕೊಂಡಿತ್ತು. ಪ್ರತಿ ಸಲವೂ ಯಾರಾದರೂ ಕೂಗಬೇಕು, ಡೋರು ಬೀಳಬೇಕು, ತಾತ ಎಣಿಸಬೇಕು. ಮಾವನಿಗೆ ನಾಚಿಕೆ, ಹಾಗಾಗಿ ನಾನು ಮನೆಯಲ್ಲಿದ್ದರೆ ಕೂಗುವ ಕೆಲಸ ನನ್ನದು. ಕಪ್ ಗೆದ್ದ ಗಂಟಲನ್ನು ಚೆನ್ನಾಗಿ ಉಪಯೋಗಿಸುತ್ತಿದ್ದೀಯಾ ಎಂದು ಎದುರು ಮನೆಯ ಅತ್ತೆ ಹೊಟ್ಟೆತುಂಬ ನಕ್ಕಳು. ಅವಳಿಗೆ ಕೊಡಲು ನನ್ನ ಹತ್ತಿರ ಉತ್ತರವಿತ್ತು, ಕೊಡಲಿಲ್ಲ.

ಎರಡು ವರ್ಷದ ನಂತರ ತಾತ ಹೋದ. ನಿದ್ದೆಯಲ್ಲಿ, ಬೀಳದೆ. ತಿಥಿ ಎಲ್ಲ ಮುಗಿದ ಮೇಲೆ ಮಾವ ಪಿನ್ನು ಹುಡುಕಿ ಕೊಳವೆಗೆ ಮತ್ತೆ ಹಾಕಿದ. ಇನ್ನು ಯಾರಿಗೆ ಬೇಕು ಆ ಗಲಾಟೆ ಎಂದ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದಾದ ಮೇಲೆ ಮೊದಲ ಸಲ ಸೊಪ್ಪು ಬಂದ ದಿನ ಡೋರು ಎಮ್ಮೆಯ ಹಾಗೆ ಮೆಲ್ಲಗೆ ಬಗ್ಗಿತು. ಅಜ್ಜಿ ಕುಕ್ಕೆ ಹಿಡಿದು ಹೊಸ್ತಿಲ ಒಳಗೇ ನಿಂತಿದ್ದಳು. ಇಳಿದಿದೆ ಬಾ ಅಜ್ಜಿ ಎಂದೆ. ಬರಲಿಲ್ಲ. ನಾನು ಮುಷ್ಟಿಯಿಂದ ಡೋರಿಗೆ ಒಂದು ಗುದ್ದಿದೆ.

ಅಜ್ಜಿ ಕಾದಳು. "ಬೆಟ್ಟ ಏನೂ ಅನ್ಲಿಲ್ವಲ್ಲಮ್ಮ," ಎಂದಳು.

ಅಭ್ಯಾಸ ಎಂಬುದು ಬಲು ಗಟ್ಟಿ, ಮುದುಕರಲ್ಲಿ ಇನ್ನೂ ಗಟ್ಟಿ, ಇದಕ್ಕೆ ಅದಕ್ಕಿಂತ ಹೆಚ್ಚಿನ ಅರ್ಥ ಹುಡುಕಬೇಕಾಗಿಲ್ಲ. ಈಗ ಯಾರಾದರೂ ಕೇಳಿದರೂ ನಾನು ಹೀಗೆಯೇ ಹೇಳುತ್ತೇನೆ. ಆವತ್ತು ಮಾತ್ರ ನಾನು ಹೇಳಲಿಲ್ಲ. ಗಾಡಿಯಿಂದ ಜಗಲಿಯವರೆಗೆ ಹತ್ತು ಹೆಜ್ಜೆಯ ಅಂಗಳ ಬರಿದಾಗಿತ್ತು, ಅದನ್ನು ದಾಟಿ ಅಜ್ಜಿಯ ಕೈ ಹಿಡಿದು ಕರೆತರುವುದು ಎಷ್ಟರ ಕೆಲಸ. ನನ್ನ ಕಾಲೂ ಏಳಲಿಲ್ಲ.

ಭುಜ ಕೊಟ್ಟು ಡೋರು ಎತ್ತಿದೆ. ಕೊಂಡಿ ಹಾಕಿದೆ. ಪಿನ್ನು ಎಳೆದು ಜೇಬಿಗೆ ಹಾಕಿಕೊಂಡು, ಗಂಟಲು ಸರಿಮಾಡಿಕೊಂಡೆ.