ರೇಂಜ್ ತಪ್ಪಿದ ಡ್ರೋನಿನ ಕಡೀ ಹುಕುಮ

ನಲವತ್ತ ದಾಟಿದ ಮ್ಯಾಲ ನಾ ಒಂದ ಆಟಕ್ಕ ಕುಂತೆ ಅಂತ ಹೇಳಾಕ ಇವತ್ತಿಗೂ ನಾಚಿಕಿ ಆಗ್ತೈತಿ. ಇಸ್ಪೀಟಲ್ಲ, ಕೇರಂ ಅಲ್ಲ. ಕುಂತಲ್ಲೇ ಕುಂತು, ಬಾಯಿಲೆ ಕಥಿ ಹೇಳ್ಕೊಂತ, ದಾಳ ಒಗದು ಆಡೂ ಆಟ. ಮುಂದ ಬರೂ ಕಾಲದ ಒಂದ ದೊಡ್ಡ ಶಾರ. ಅಲ್ಲಿ ಕಂಪನಿಗೋಳ ರಾಜ್ಯ. ಮಂದಿ ಕಬ್ಬಿಣದ ಕೈ, ಗಾಜಿನ ಕಣ್ಣ ಹಾಕಿಸ್ಕೊಂಡಿರ್ತಾರ. ನಮ್ಮಂಥಾವ್ರು ಆ ಕಂಪನಿಗೆ ಕನ್ನಾ ಹಾಕಬೇಕು.

ಇದನ್ನ ತಂದಾಂವ ಸುಧಾಕರ. ಪುಣೆದಾಗ ಇದ್ದು ಬಂದು, ಉಗಾರದಾಗ ನಮ್ಮ ಸಕ್ಕರಿ ಕಾರ್ಖಾನ್ಯಾಗ ಮೀಟರ್ ರಿಪೇರಿ ಮಾಡಾಂವ. ನಾ ಅಲ್ಲೇ ಕಾಟಾದ ಮ್ಯಾಲ ಕಬ್ಬಿನ ಗಾಡಿ ತೂಗಾಂವ. ಮೂರನೇದಾಂವ ಅಪ್ಪಾಸಾಬ, ಬಾಯ್ಲರ್ ಫಿಟ್ಟರ್. ಮಳಿಗಾಲದಾಗ ಕಬ್ಬ ನುರಸೂದು ಬಂದ್ ಇರ್ತೈತಿ. ರವಿವಾರ ಮಧ್ಯಾಹ್ನ ಸುಧಾಕರನ ಕ್ವಾರ್ಟರ್ಸಿನ್ಯಾಗ ಖಾರಾ ಹಚ್ಚಿದ ಚುರಮರಿ, ಭಡಂಗ, ಇಟ್ಕೊಂಡ ಕೂಡ್ತಿದ್ವಿ. ಪುಸ್ತಕ ಇಂಗ್ಲಿಷಿನ್ಯಾಗ. ನಾ ಮೂವತ್ತೈದ ಮಾರ್ಕ್ಸಿನ ಮ್ಯಾಲ ಹತ್ತನೇತ್ತಾ ಪಾಸಾದಾಂವ. ಸುಧಾಕರ ಓದಿ ಹೇಳಿದ್ದ ನಮಗ ಶಾಸ್ತ್ರ.

ಅಪ್ಪಾಸಾಬನ ಮನಸ ಮಾತ್ರ ಆ ವರ್ಷ ಆಟದಾಗ ಇರ್ಲಿಲ್ಲ. ಅವಗ ಒಬ್ಬಾಕಿ ತಂಗಿ, ಕಸ್ತೂರಿ, ಶಿರಗುಪ್ಪಿಗೆ ಕೊಟ್ಟಾರ. ಹಿಂದ ಅಪ್ಪಾಸಾಬನ ಮಗನ ಲಗ್ನದಾಗ ಎಲ್ಲಾ ಬೀಗರಿಗೂ ತಲಿಗೆ ಮಾನದ ಪಟಗಾ ಸುತ್ತಿದ್ರು, ಆಕಿ ಗಂಡಗ ಬರೇ ಟಾವೆಲ್ ಟೊಪಿಗಿ ಕೊಟ್ರು. ಆಕಿ ಹಂದರದಾಗ ನಾಕ ಮಂದಿ ಮುಂದ ಕೇಳಿದ್ಲು. ಇಂವಗ ಸಿಟ್ಟ ನೆತ್ತಿಗೇರಿ, "ಇನ್ನ ನಮ್ಮ ಹೊಸ್ತಿಲಾ ತುಳೀಬ್ಯಾಡ" ಅಂದ. ಆಕಿ ತುಳೀಲಿಲ್ಲ. ಶಿರಗುಪ್ಪಿ ಏನ ದೂರ? ಮೋಟಾರಸೈಕಲ್ ಮ್ಯಾಲ ಬಾಯಾನ ಪಾನ ಮುಗಿಯೂದ್ರಾಗ ಬರ್ತೈತಿ. ಆ ಸಲ ಶ್ರಾವಣ ಹತ್ತಿದ ಮ್ಯಾಲ ಇಂವಾ ಮನಸ ಗಟ್ಟಿ ಮಾಡಿ ಫೋನ್ ಹಚ್ಚಿ, "ಪಂಚಮಿಗೆ ಬಾ" ಅಂದ. "ನೋಡೂಣ" ಅಂದ್ಲಂತ. "ಕರದೀನಲ್ರಿ, ಇನ್ನೇನ ಕಾಲ ಬೀಳ್ಲೇನು?" ಅಂತ ನಮ್ಮ ಮುಂದ ಹಾರ್ಯಾಡ್ತಿದ್ದ. ಪಂಚಮಿಗೆ ಅಣ್ಣ ಹೋಗಿ ಕರಕೊಂಡ ಬರಬೇಕು, ಫೋನಿನ್ಯಾಗ ಕರದದ್ದು ಕರದಂಗಲ್ಲ ಅನ್ನೂದು ಅವಗ ಗೊತ್ತಿತ್ತು. ಉರಿಯೂ ಬಾಯ್ಲರಿನ ಬಾಯಿಗೆ ಹೋಗಾವಗ ತಂಗಿ ಬಾಗಲಕ್ಕ ಹೋಗಾಕ ಧೈರ್ಯ ಸಾಲ್ಲಿಲ್ಲ, ಅಷ್ಟ.

ಆಟದಾಗ ಅವನ ಹತ್ರ ಬಂದೂಕ ಕಟ್ಟಿದ ಒಂದ ಡ್ರೋನ್ ಇತ್ತು. ಡ್ರೋನಿಗೂ ಆಡಸಾವಗೂ ನಡುವ ತಂತಿ ಇಲ್ಲ. ಮಾತ ಎಷ್ಟ ದೂರ ಮುಟ್ತೈತಿ ಅನ್ನೂದಕ್ಕ ಕೋಷ್ಟಕ ಐತಿ. ಗ್ವಾಡಿ ಅಡ್ಡ ಬಂದ್ರ ಇಷ್ಟ ಕಳಿ, ಸುತ್ತ ಗದ್ದಲ ಇದ್ರ ಅಷ್ಟ ಕಳಿ. ಇನ್ನೂ ದೂರ ಹೋಗೂದಿದ್ರ ನಡುವ ಇನ್ನೊಂದ ಡ್ರೋನ್ ನಿಲ್ಲಿಸಿ ಮಾತ ದಾಟಿಸು. ಸುಧಾಕರ ಇದನ್ನ ಭಾಳ ದೊಡ್ಡ ವಿದ್ಯಾ ಅನ್ನೂಹಂಗ ಓದ್ತಿದ್ದ. ನನಗ ನಗಿ. ಗಡಿಗೆ ಹತ್ತಿದ ಕಾಗವಾಡದಾಗ ನಿಂತ್ರ ಫೋನ್ ಮಹಾರಾಷ್ಟ್ರದ ಟಾವರ್ ಹಿಡದು ರೋಮಿಂಗ್ ಆಗ್ತಿತ್ತು. ನಾಕ ಹೆಜ್ಜಿ ಸರದು ನಾವು ಕರ್ನಾಟಕಕ್ಕ ಬರ್ತಿದ್ವಿ. ನಮ್ಮ ಮನ್ಯಾಗಂತೂ ಅಡಗಿಮನಿ ಕಿಟಕಿ ಹತ್ರ ಅಷ್ಟ ರೇಂಜ್. ಅಲ್ಲೇ ಕಿಟಕಿ ಸಳಿಗೆ ಕ್ಯಾರಿಬ್ಯಾಗಿನ್ಯಾಗ ಫೋನ್ ತೂಗ ಹಾಕಿದ್ವಿ. ಯಾರ ಮಾತಾಡಿದ್ರೂ ರೊಟ್ಟಿ ಬಡ್ಯಾಕಿ ಮುಂದ ನಿಂತ ಮಾತಾಡಬೇಕು. ಹಿಂಗಾಗಿ ನಮ್ಮನ್ಯಾಗ ಗುಟ್ಟ ಅನ್ನೂದ ಉಳೀಲಿಲ್ಲ.

ಆದ್ರ ಒಂದ ನೇಮ ನನ್ನ ನಗಿ ನಿಲ್ಲಿಸ್ತು. ರೇಂಜ್ ತಪ್ಪಿದ ಡ್ರೋನ್ ಸುಮ್ನ ಕೆಳಗ ಬೀಳೂದಿಲ್ಲ. ಕಡೀಕ ನೀ ಏನ ಹೇಳಿದ್ದಿ, ಅದನ್ನ ಮಾಡ್ಕೊಂತ ಇರ್ತೈತಿ.

ಇದನ್ನೂ ನಾ ಕಂಡೀನಿ. ಕಾಟಾದ ಮುಂದ ಗಾಡಿ ಪಾಳಿ ಹಚ್ಚಿರ್ತಾವು, ಗಾಡ್ಯಾಂವ ಚಾ ಕುಡ್ಯಾಕ ಹೋಗಿರ್ತಾನ. ಮುಂದಿನ ಗಾಡಿ ಸರದ್ರ ಹಿಂದಿನ ಎತ್ತು ತಾವ ಮುಂದ ಸರೀತಾವು. ಹೇಳಾವ್ರ ಯಾರೂ ಇಲ್ಲ, ಎಂದೋ ಹೇಳಿದ ಮಾತು. ಒಮ್ಮೆ ಯಜಮಾನನ ಚಾ ಮುಗಿಯೂದ್ರಾಗ ಎತ್ತು ಕಾಟಾ ಏರಿ, ಚೀಟಿ ಬೇಡೂಹಂಗ ನನ್ನ ಕಿಟಕಿಗೆ ಮಾರಿ ಕೊಟ್ಟ ನಿಂತಿದ್ದವು. ಎತ್ತಿನ ನಿಷ್ಠಾ ನೋಡಿ ನಕ್ಕಿದ್ದೆ. ಆ ನಿಷ್ಠಾ ಒಳ್ಳೇ ಮಾತಿಗೂ ಇರ್ತೈತಿ, ಕೆಟ್ಟ ಮಾತಿಗೂ ಇರ್ತೈತಿ ಅಂತ ಆಗ ಹೊಳೀಲಿಲ್ಲ.

ಪಂಚಮಿ ಹತ್ರ ಬಂದಿತ್ತು. ಆ ರವಿವಾರ ಆಟದಾಗ ಅಪ್ಪಾಸಾಬ ತನ್ನ ಡ್ರೋನಿಗೆ, "ಈ ಬಾಗಲದಾಗ ನಿಂದರು, ಯಾರನ್ನೂ ಒಳಗ ಬಿಡಬ್ಯಾಡ" ಅಂತ ಹೇಳಿ ಕಂಪನಿ ನೆಲಮನಿಗೆ ಇಳದ. ದಪ್ಪ ಕಾಂಕ್ರೀಟು, ರೇಂಜ್ ಹೋತು. ಅಷ್ಟರಾಗ ನಾ ಕದ್ದ ಮಾಲ ಹೊತ್ಕೊಂಡ ಅದ ಬಾಗಲಕ್ಕ ಓಡಿ ಬಂದೆ. ಡ್ರೋನ್ ಗುಂಡ ಹಾರಿಸ್ತು. ನಾ ಸತ್ತೆ.

"ಲೇ ಸುಧ್ಯಾ, ಅಂವ ನಮ್ಮಾಂವ!" ಅಂತ ಅಪ್ಪಾಸಾಬ ಚೀರಿದ.

"ಅದಕ್ಕೇನ ಗೊತ್ತ? ಯಾರನ್ನೂ ಅಂದೀಯಲ್ಲ ನೀ," ಅಂದ ಸುಧಾಕರ.

"ಗಡಿಬಿಡ್ಯಾಗ ಅಂದೆ. ಈಗ ಬ್ಯಾಡ ಅಂತೀನಿ, ಆತಿಲ್ಲೋ?"

"ಇಲ್ಲಿಂದ ಎಷ್ಟ ಒದರಿದ್ರೂ ಅದಕ್ಕ ಕೇಳಸೂದಿಲ್ಲೋ ಮಾರಾಯಾ. ನೀನ ಆ ಬಾಗಲತನಾ ಹೋಗಬೇಕು."

"ಸತ್ತಾಂವ ಭಡಂಗ ತಿನ್ನಬಹುದೇನ್ರಿ?" ಅಂತ ನಾ ಕೇಳಿದೆ. ಅಪ್ಪಾಸಾಬ ಕೈಯಾನ ದಾಳ ಮೆಲ್ಲಕ ಕೆಳಗಿಟ್ಟು, ಚಪ್ಪಲಿ ಮೆಟ್ಕೊಂಡ ಹೋದ.

ಮರುದಿನಾ ಅಂವಾ ಡ್ಯೂಟಿಗೆ ಬರಲಿಲ್ಲ. ಕೆಂಪ ಪಟಗಾ ಒಂದ ಕೊಂಡು ಶಿರಗುಪ್ಪಿಗೆ ಹೋಗಿದ್ದ. ಕಸ್ತೂರಿ ಬಾಗಲದಾಗ ನಿಂತಾಕಿ, ಒಳಗ ಬಾ ಅನ್ನೂಕಿಂತಾ ಮೊದಲ ಬೈದ್ಲಂತ. "ಫೋನ್ ಬಂದ ದಿನಾನ ಚೀಲಾ ತುಂಬಿ ಇಟ್ಟೀನಿ ಅಣ್ಣಾ. ಕರ್ಯಾಕ ಬರಾವ್ರು ಬರಬೇಕಲ್ಲ?"

ಪಂಚಮಿ ಮುಗಿಸಿ ಆಕಿ ಹೊಂಟಾಗ ನಾ ಉಂಡಿ ತಿನ್ಕೊಂತ ಅಪ್ಪಾಸಾಬನ ಮನಿ ಕಟ್ಟಿ ಮ್ಯಾಲ ಕುಂತಿದ್ದೆ. ಹೊಸ್ತಿಲಾ ದಾಟಿ ತಿರುಗಿ ನಿಂತು, "ಬರ್ತೀನಿ ಅಣ್ಣಾ" ಅಂದ್ಲು. "ಬಾ" ಅಂದ ಅಪ್ಪಾಸಾಬ.

ಮುಂದಿನ ರವಿವಾರ ಮತ್ತ ಆಟ. ನಾ ಹೊಸಾ ಜನ್ಮಾ ತುಗೊಂಡಿದ್ದೆ. ಡ್ರೋನ್ ಹಾರಸೂಕಿಂತಾ ಮೊದಲ ಅಪ್ಪಾಸಾಬ ಅಂದ, "ಬರ್ಕೋ ಸುಧಾಕರಾ. ಎಲ್ಲಾಕ್ಕಿಂತ ಮೊದಲಿನ ಹುಕುಮ. ನನ್ನ ಮಾತ ಕೇಳಸದಂಗಾದ್ರ, ಎಲ್ಲಿದ್ರೂ ತಿರುಗಿ ಮನಿಗೆ ಬಾ."

ಹಂಗ ನೇಮ ಐತೋ ಇಲ್ಲೋ ಅಂತ ಸುಧಾಕರ ಹಾಳಿ ತಿರುವ್ಯಾಕ ಹತ್ತಿದ. ನಾ ನೋಡಾಕ ಹೋಗ್ಲಿಲ್ಲ. ಹೋಗಾವ್ರಿಗೆ ನಮ್ಮ ಕಡೆ ಹೋಗು ಅನ್ನೂದಿಲ್ಲ, ಕಡೀ ಮಾತ ಬಾ ಅಂತಾರ. ಅಷ್ಟ ದಿನಾ ಅದನ್ನ ನಾ ಬರೇ ಮರ್ಯಾದಿ ಮಾತು ಅಂತ ತಿಳದಿದ್ದೆ.