ಮಹದೇವಸ್ವಾಮಿಯ ಹೆಸರು ಬರೆದ ಚೀಟಿ

ಒಂದು ಚೀಟಿಯನ್ನು ಒಂಬತ್ತು ದಿನ ಅಂಗಿಯ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ ಎಂದರೆ ನೀವು ನಗಬಹುದು. ವಾಕಿಂಗಿಗೆ ಹೋದಾಗಲೂ ಜೇಬಿನಲ್ಲಿ, ತರಕಾರಿ ತರಲು ಹೋದಾಗಲೂ ಜೇಬಿನಲ್ಲಿ. ಅಂಗಿ ಬದಲಾಯಿಸಿದಾಗ ಚೀಟಿಗೂ ಹೊಸ ಅಂಗಿಗೆ ವರ್ಗ. ಒಂದು ಸಲ ಮಾತ್ರ ಮರೆತೆ. ವಾಷಿಂಗ್ ಮೆಷಿನ್ನಿಗೆ ಬಟ್ಟೆ ತುಂಬುತ್ತಿದ್ದ ನನ್ನ ಹೆಂಡತಿ ನಿರ್ಮಲ ಅದನ್ನು ಹೊರಗೆಳೆದು, "ಹಾಕೋದಾದ್ರೆ ಚರ್ಚಿನ ಪೆಟ್ಟಿಗೆಗೆ ಹಾಕಿ, ಇಲ್ದಿದ್ರೆ ಬುಟ್ಬುಡಿ. ಇದ್ಯಾತರ ಸಂಕಟ ನಿಮ್ದು?" ಎಂದಳು. ಯಾತರ ಸಂಕಟವೆಂದು ನನಗೇ ಗೊತ್ತಿದ್ದರೆ ಹೇಳುತ್ತಿರಲಿಲ್ಲವೆ?

ವಿಷಯ ಇಷ್ಟು. ನಾವು ಕಥೋಲಿಕರು. ನವೆಂಬರ್ ನಮಗೆ ಸತ್ತವರ ತಿಂಗಳು. ಸಮಾಧಿಗಳ ಮೇಲಿನ ಹುಲ್ಲು ಕಿತ್ತು, ಸುಣ್ಣ ಬಳಿದು, ಹೂವಿಟ್ಟು ಮೇಣದ ಬತ್ತಿ ಹಚ್ಚುತ್ತೇವೆ. ಚರ್ಚಿನಲ್ಲಿ ಮನೆಮನೆಗೊಂದು ಚೀಟಿ ಕೊಡುತ್ತಾರೆ. ಮೃತರ ಹೆಸರುಗಳನ್ನು ಅದರಲ್ಲಿ ಬರೆದು ಪೀಠದ ಪಕ್ಕದ ಪೆಟ್ಟಿಗೆಗೆ ಹಾಕಿದರೆ, ಭಾನುವಾರದ ಪೂಜೆಯಲ್ಲಿ ಅವನ್ನು ಓದುತ್ತಾರೆ. ಈ ಆತ್ಮಗಳನ್ನು ದೇವರು ತನ್ನ ಬಳಿ ಸೇರಿಸಿಕೊಳ್ಳಲಿ ಎಂದು ಎಲ್ಲರೂ ಬೇಡುತ್ತಾರೆ. ನನ್ನ ಚೀಟಿಯಲ್ಲಿ ಅಪ್ಪ, ಅವ್ವ, ದೊಡ್ಡಣ್ಣ, ನಮ್ಮತ್ತೆ ಇದ್ದಾರೆ. ಅತ್ತೆಯ ಹೆಸರು ಬಿಟ್ಟುಹೋಗಿಲ್ಲವೆಂದು ನಿರ್ಮಲ ಪ್ರತಿವರ್ಷ ತಪಾಸಣೆ ಮಾಡುತ್ತಾಳೆ. ಈ ವರ್ಷ ಅತ್ತೆಯ ಕೆಳಗೆ ನಾನು ಇನ್ನೊಂದು ಹೆಸರು ಬರೆದೆ. ಮಹದೇವಸ್ವಾಮಿ. ಬರೆದ ಮೇಲೆ ಪೆಟ್ಟಿಗೆಗೆ ಹಾಕಲು ಕೈ ಬರಲಿಲ್ಲ.

ಮಹದೇವಸ್ವಾಮಿ ಲಿಂಗಾಯತ. ಅದರಲ್ಲೂ ಸಡಿಲವಾದ ಲಿಂಗಾಯತನಲ್ಲ. ಕೊರಳಲ್ಲಿ ಲಿಂಗ, ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ಬೆಳಗ್ಗೆ ಪೂಜೆಯಾಗದೆ ಬಾಯಿಗೆ ನೀರಿಲ್ಲ. ಹೂಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ನಾವಿಬ್ಬರೂ ತಪಾಸಣೆ ವಿಭಾಗದಲ್ಲಿದ್ದೆವು. ಯಂತ್ರದಿಂದ ಇಳಿದ ಬಿಡಿಭಾಗಗಳ ಹೊರ ಅಳತೆ ಅವನದು, ಒಳ ಅಳತೆ ನನ್ನದು. ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ತಿರಸ್ಕಾರ. ಇಂಥ ಕೆಲಸದಲ್ಲಿ ವರ್ಷಗಟ್ಟಲೆ ಕಳೆದವರ ಸ್ವಭಾವ ಹೇಗಿರುತ್ತದೆಂದು ಅವರ ಹೆಂಡತಿಯರನ್ನು ಕೇಳಬೇಕು. ದೇವರ ವಿಷಯದಲ್ಲೂ ನಾವು ಅಳತೆ ಬಿಟ್ಟವರಲ್ಲ. ಕಾರ್ಖಾನೆಯ ಬಸ್ಸಿನಲ್ಲಿ ಹೋಗುವಾಗ ಅವನು ಒಬ್ಬನೇ ದೇವರು ಮೂವರಾಗಿರುವ ನನ್ನ ತ್ರಿತ್ವವನ್ನು ತಿರಸ್ಕರಿಸುತ್ತಿದ್ದ, ಬರುವಾಗ ನಾನು ಅವನ ಐಕ್ಯವನ್ನು ತಿರಸ್ಕರಿಸುತ್ತಿದ್ದೆ. ಹಿಂದಿನ ಸೀಟಿನವರು ನಿದ್ದೆ ಹೋಗುತ್ತಿದ್ದರು. ನಿವೃತ್ತರಾದ ಮೇಲೆ ಜಗಳ ನಮ್ಮ ಜಯಲಕ್ಷ್ಮಿಪುರಂ ಮನೆಯ ಜಗಲಿಗೆ ಬಂತು. ಕ್ರಿಸ್ಮಸ್ಸಿನ ಬೆಳಗ್ಗೆ ಮಾತ್ರ ಕದನವಿರಾಮ. ನನ್ನ ಜೊತೆ ಚರ್ಚಿಗೆ ಬಂದು ಪಕ್ಕದಲ್ಲೇ ಎಡಗಡೆ ಕೂತು, ಆಮೇಲೆ ಮನೆಯಲ್ಲಿ ಕೇಕು ತಿನ್ನುತ್ತಿದ್ದ. ಅದರಲ್ಲಿ ಮೊಟ್ಟೆ ಇದೆಯೇ ಎಂದು ಅವನು ಒಂದು ದಿನವೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಸಾವಿನ ವಿಷಯದಲ್ಲಿ ಅವನಿಗೆ ನನ್ನ ಮೇಲೆ ಒಂದು ಸಣ್ಣ ಕನಿಕರವಿತ್ತು. ಲಿಂಗಾಯತರನ್ನು ಕೂರಿಸಿ ಹೂಳುತ್ತಾರೆ, ನಮ್ಮನ್ನು ಮಲಗಿಸಿ. ನಮ್ಮ ವಿಭಾಗದ ಕ್ರೈಸ್ತರೊಬ್ಬರನ್ನು ಮಣ್ಣು ಮಾಡಿ ಬರುವಾಗ ಅವನು ಬಹಳ ಗಂಭೀರವಾಗಿ ಕೇಳಿದ್ದ. "ಅಲ್ಲ ಕಣೋ ಅಂತೋಣಿ, ಲೋಕದ ಕಡೇ ದಿನ ದೇವದೂತ್ರು ತುತ್ತೂರಿ ಊದ್ದಾಗ ಸತ್ತಿರೋ ನೀವೆಲ್ಲ ಎಚ್ರ ಆಗಿ, ಮೈ ಮುರ್ದು, ಎದ್ದು, ಆಮೇಲೆ ತಾನೆ ಹೊರಡೋದು? ನಾವಾದ್ರೆ ಕೂತೇ ಇರ್ತೀವಿ. ನಿಮಗಿಂತ ಮುಂಚೆ ಹೊರಟ್ಬುಡ್ತೀವಿ."

"ನಿಮ್ಗೆ ತುತ್ತೂರಿನೇ ಇಲ್ವಲ್ಲೋ" ಎಂದೆ.

"ಲೋಕಕ್ಕೆಲ್ಲ ಕೇಳ್ಸೋ ಹಂಗೆ ಊದ್ತಾರೆ ಅಂತ ನೀನೇ ಅಂದಿದ್ಯಲ್ಲ. ನಮ್ ಕಿವಿಗೇನು ಹತ್ತಿ ಇಟ್ಟಿರ್ತಾರಾ?"

ಈ ಅಕ್ಟೋಬರಿನಲ್ಲಿ ಅವನನ್ನು ಹಾಗೆ ಕೂರಿಸಿದ್ದನ್ನು ಕಣ್ಣಾರೆ ನೋಡಿದೆ. ಬೆಳಗ್ಗೆ ಪೂಜೆ ಮುಗಿಸಿ ಎದ್ದವನು ಎದೆ ಹಿಡಿದುಕೊಂಡು ಕುಸಿದನಂತೆ. ಮಧ್ಯಾಹ್ನ ರುದ್ರಭೂಮಿಯಲ್ಲಿ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ಮೈತುಂಬ ವಿಭೂತಿ ಧರಿಸಿ ಗುಂಡಿಯೊಳಗೆ ಕೂತಿದ್ದ. ನನ್ನ ಕೈ ಶಿಲುಬೆಯ ಗುರುತು ಹಾಕಲು ತಾನಾಗಿಯೇ ಹಣೆಗೆ ಹೋಯಿತು. ಸುತ್ತಲೂ ಅವನ ನೆಂಟರು, ಮಠದವರು. ಕೈಯನ್ನು ಅರ್ಧ ದಾರಿಯಲ್ಲೇ ತಡೆದು ಕನ್ನಡಕ ಸರಿಮಾಡಿಕೊಂಡೆ. ಅವತ್ತಿಡೀ ಕನ್ನಡಕವನ್ನು ಎಷ್ಟು ಸಲ ಸರಿಮಾಡಿಕೊಂಡೆನೋ! ಅಳುವನ್ನೂ ಅದರ ಹಿಂದೆಯೇ ಮುಗಿಸಿಕೊಂಡೆ.

ಗಲಿಬಿಲಿ ಶುರುವಾದದ್ದು ಮಾರನೆಯ ದಿನ, ಪೇಪರಿನಲ್ಲಿ ಅವನ ಫೋಟೋ ನೋಡಿದಾಗ. ನಿಧನವಾರ್ತೆಯ ಪುಟವನ್ನು ನಾನು ಹಿಂದೆಂದೂ ಗಮನವಿಟ್ಟು ಓದಿರಲಿಲ್ಲ. ಒಂದೇ ಪುಟದಲ್ಲಿ, ಒಂದೇ ಊರಿನ ಜನ, ಒಬ್ಬೊಬ್ಬರು ಒಂದೊಂದು ಕಡೆ ಹೊರಟಿದ್ದಾರೆ. ಒಬ್ಬರು ವೈಕುಂಠಕ್ಕೆ, ಒಬ್ಬರು ಶಿವನ ಪಾದಕ್ಕೆ. ನಮ್ಮವರೊಬ್ಬರು ಎಲ್ಲಿಗೂ ಹೋಗದೆ ಪ್ರಭುವಿನಲ್ಲಿ ನಿದ್ರಿಸುತ್ತಿದ್ದಾರೆ. ಮಹದೇವಸ್ವಾಮಿ ಲಿಂಗೈಕ್ಯನಾಗಿದ್ದಾನೆ. ಬದುಕಿದ್ದಾಗ ಸಿದ್ಧಾರ್ಥನಗರದ ಅವನ ಮನೆಗೆ ಹೋದರೆ ಸಿಗುತ್ತಿದ್ದ. ಈಗ ಎಲ್ಲಿಗೆ ಹೋಗಲಿ? ಅವನ ಲೆಕ್ಕದಲ್ಲಿ ಅವನು ಶಿವನಲ್ಲಿ ಬೆರೆತುಹೋಗಿದ್ದಾನೆ. ಬೆರೆತುಹೋದವನನ್ನು ಗುರುತು ಹಿಡಿಯುವುದು ಹೇಗೆ? ನನ್ನ ಲೆಕ್ಕದಲ್ಲಿ ನಾವು ಸತ್ತ ಮೇಲೆ ನಮ್ಮವರನ್ನು ಮತ್ತೆ ನೋಡುತ್ತೇವೆ. ಆದರೆ ಆ "ನಮ್ಮವರು" ಎನ್ನುವುದರೊಳಗೆ ಅವನು ಇದ್ದಾನೋ ಇಲ್ಲವೋ? ನನಗೆ ಬೇಕಾಗಿದ್ದದ್ದು ಇಷ್ಟೇ. ಅವನನ್ನು ಮತ್ತೆ ನೋಡುತ್ತೇನೆಯೇ? ಅರವತ್ತೆಂಟು ವರ್ಷ ಚರ್ಚಿಗೆ ನಡೆದವನಿಗೆ ಇದಕ್ಕೊಂದು ಉತ್ತರ ಗೊತ್ತಿರಲಿಲ್ಲ. ಜಪಮಾಲೆ ಹಿಡಿದರೆ ಬೆರಳು ಮಣಿಯಿಂದ ಮಣಿಗೆ ಹೋಗುತ್ತಿತ್ತು, ಮನಸ್ಸು ಇದೊಂದೇ ಪ್ರಶ್ನೆಯ ಹತ್ತಿರ ನಿಂತಿರುತ್ತಿತ್ತು.

ಕೊನೆಗೆ ಫಾದರ್ ಹತ್ತಿರ ಹೋದೆ. ಕೊಳ್ಳೇಗಾಲದ ಕಡೆಯವರು, ವಯಸ್ಸಿನಲ್ಲಿ ನನ್ನ ಮಗನಿಗಿಂತ ಚಿಕ್ಕವರು. ಜ್ಞಾನಸ್ನಾನವಾಗಿ ಕ್ರೈಸ್ತರಾಗದವರ ಹೆಸರು ಓದಲಾಗದು ಎಂದು ಅವರು ಹೇಳುತ್ತಾರೆ, ನಾನು ಹೀಗೆ ಹೀಗೆ ವಾದಿಸಬೇಕು ಎಂದು ದಾರಿಯುದ್ದಕ್ಕೂ ಸಿದ್ಧವಾಗಿದ್ದೆ. ಬೈಬಲಿನಿಂದ ನಾಲ್ಕು ವಚನಗಳನ್ನೂ ಆರಿಸಿಕೊಂಡಿದ್ದೆ. ಅವರು ಚೀಟಿ ನೋಡಿ, "ಎಷ್ಟು ವರ್ಷದ ಸ್ನೇಹ?" ಎಂದರು. ನಲವತ್ತೊಂದು ಎಂದೆ. "ಮತ್ಯಾಕೆ ಇಷ್ಟು ದಿನ ಇಟ್ಕೊಂಡ್ರಿ? ಹಾಕಿ" ಎಂದು ತಮ್ಮ ಕೆಲಸಕ್ಕೆ ಹೋದರು. ನಾಲ್ಕು ವಚನಗಳೂ ನನ್ನಲ್ಲೇ ಉಳಿದವು.

ನೆಮ್ಮದಿಯಾಗಬೇಕಿತ್ತು. ಆಯಿತು, ಚರ್ಚಿನ ಗೇಟಿನವರೆಗೆ. ಅಲ್ಲಿ ಹೊಳೆಯಿತು, ಅಡ್ಡಿ ಇದ್ದದ್ದು ಚರ್ಚಿನದಲ್ಲ, ಮಹದೇವಸ್ವಾಮಿಯದೇ. ನಾನು ಏನು ಮಾಡಲು ಹೊರಟಿದ್ದೇನೆ? ತಾನು ಸೇರಬೇಕಾದಲ್ಲಿ ಸೇರಿಯಾಯಿತು ಎಂದು ನಂಬಿ ಹೋದವನನ್ನು ಹಿಡಿದು ತಂದು, ಇವನನ್ನೂ ದಯವಿಟ್ಟು ಒಳಗೆ ಬಿಡಿ ಎಂದು ನಮ್ಮವರ ಸಾಲಿನಲ್ಲಿ ನಿಲ್ಲಿಸುತ್ತಿದ್ದೇನೆ. ಜೀವಮಾನವಿಡೀ ಬಸ್ಸಿನಲ್ಲಿ ಗೆಲ್ಲಲಾಗದ ವಾದವನ್ನು ಅವನು ಬಾಯಿ ಮುಚ್ಚಿದ ಮೇಲೆ ಗೆದ್ದುಕೊಂಡ ಹಾಗಾಗಲಿಲ್ಲವೆ? ಇದು ಪ್ರಾರ್ಥನೆಯೋ ಮೋಸವೋ ತಿಳಿಯದೆ, ಚೀಟಿಯನ್ನು ಮತ್ತೆ ಜೇಬಿಗಿಟ್ಟು ಸಿದ್ಧಾರ್ಥನಗರಕ್ಕೆ ಹೋದೆ.

ಅವನ ಹೆಂಡತಿ ಗಿರಿಜಮ್ಮ ಕಾಫಿ ಕೊಟ್ಟು ಎದುರಿಗೆ ಕೂತರು. ನನ್ನನ್ನು ಅಣ್ಣ ಎನ್ನುತ್ತಾರೆ. ಗೋಡೆಯಲ್ಲಿ ಅವನ ಫೋಟೋ ಹೊಸ ಹಾರ ಹಾಕಿಕೊಂಡು ನನ್ನನ್ನೇ ನೋಡುತ್ತಿತ್ತು. ಅದಕ್ಕೆ ಬೆನ್ನು ಮಾಡುವ ಹಾಗೆ ಕುರ್ಚಿ ತಿರುಗಿಸಿಕೊಂಡು, ಚೀಟಿ ತೆಗೆದು ವಿಷಯ ಹೇಳಿದೆ. ನಿಮಗೆ ಬೇಸರವಾಗುವುದಾದರೆ ಹೆಸರು ಹೊಡೆದುಹಾಕುತ್ತೇನೆ ಎಂದೂ ಹೇಳಿದೆ.

ಅವರು ಚೀಟಿಯನ್ನು ಬಹಳ ಹೊತ್ತು ನೋಡಿದರು. "ಅವ್ರು ಇದ್ದಿದ್ರೆ ಒಪ್ತಿರ್ಲಿಲ್ಲ ಅಣ್ಣ."

"ಇಲ್ಲ ಕಣಮ್ಮ. ಖಂಡಿತ ಒಪ್ತಿರ್ಲಿಲ್ಲ."

"ಜಗಳಕ್ಕೆ ಬರೋರು. ಊಟ ಬುಟ್ಟು ಬರೋರು."

"ಹೌದು."

"ಓದ್ಸಿ ಅಣ್ಣ" ಎಂದರು. "ಒಪ್ಪಿಗೆ ಇಲ್ದಿದ್ರೆ ಎದ್ದು ಬಂದು ಜಗಳ ಆಡ್ಲಿ." ಹೇಳಿ ಸ್ವಲ್ಪ ನಕ್ಕರು. ನಗುತ್ತಲೇ ಸೆರಗು ಬಾಯಿಗೆ ಹೋಯಿತು. "ಬಂದ್ಬುಡ್ಲಿ ಅಣ್ಣ. ಒಂದ್ಸಲ ಬಂದ್ಬುಡ್ಲಿ." ಕಾಫಿ ತಣ್ಣಗಾಯಿತು. ಸಂಜೆ ಬರುವ ದಾರಿಯಲ್ಲಿ ಚೀಟಿಯನ್ನು ಪೆಟ್ಟಿಗೆಗೆ ಹಾಕಿದೆ.

ಭಾನುವಾರ ಹೆಸರುಗಳನ್ನು ಓದಿದರು. ನಮ್ಮ ಚೀಟಿಯ ಸರದಿ ಬಂತು. ರಾಯಪ್ಪ, ಮರಿಯಮ್ಮ, ಚಿನ್ನಪ್ಪ, ಲೂರ್ದಮ್ಮ, ಮಹದೇವಸ್ವಾಮಿ. ಮುಂದಿನ ಸಾಲಿನ ಅಜ್ಜಿಯೊಬ್ಬರು ತಲೆ ಎತ್ತಿ ಅತ್ತಿತ್ತ ನೋಡಿ ಮತ್ತೆ ತಲೆ ತಗ್ಗಿಸಿದರು. ನಾನು ಎಡಗಡೆಗೆ ತಿರುಗಿದೆ. ಯಾಕೆ ತಿರುಗಿದೆನೆಂದರೆ, ಈಗ ಬೈಗುಳ ಬರುತ್ತದೆ ಎಂದು. "ಯಾರ್ನ ಕೇಳಿ ಓದ್ಸ್ದೆ?" ಎಂದು ಅವನು ಕಿವಿಯ ಹತ್ತಿರ ಗದರುವುದನ್ನು ನಿಜಕ್ಕೂ ಕಾದೆ. ಅಲ್ಲಿ ನಿರ್ಮಲಳ ಕೈಚೀಲ ಇತ್ತು. ಮಹದೇವಸ್ವಾಮಿ ಸತ್ತುಹೋಗಿದ್ದಾನೆಂದು ನನಗೆ ಪೂರ್ತಿ ಅರ್ಥವಾದದ್ದು ಆಗ.

ಫಾದರ್ ಅವರ ಉಪದೇಶ ಮುಗಿದು ಎಲ್ಲರೂ ಎದ್ದು ನಿಂತು ವಿಶ್ವಾಸ ಸಂಗ್ರಹ ಹೇಳತೊಡಗಿದರು. ನಾವು ಏನೇನನ್ನು ನಂಬುತ್ತೇವೆಂದು ದೇವರ ಮುಂದೆ ಒಪ್ಪಿಸುವ ಪಾಠ ಅದು. ಚಡ್ಡಿ ಹಾಕುವ ಕಾಲದಿಂದ ಹೇಳಿಕೊಂಡು ಬಂದಿದ್ದೇನೆ, ಎಷ್ಟೋ ಸಲ ಮನಸ್ಸಿನಲ್ಲಿ ಮಧ್ಯಾಹ್ನದ ಸಾರಿನ ಯೋಚನೆ ಮಾಡುತ್ತ. ಅದರ ಕೊನೆಯಲ್ಲಿ ಸತ್ತವರ ಶರೀರಗಳು ಮತ್ತೆ ಏಳುತ್ತವೆಂದು ನಂಬುತ್ತೇನೆ ಎಂಬ ಮಾತು ಬರುತ್ತದೆ. ಅಲ್ಲಿಗೆ ಬಂದಾಗ ನನ್ನ ಧ್ವನಿ ಏರಿತು. ನಿರ್ಮಲ ನನ್ನ ಮುಖ ನೋಡಿದಳು. ಅವನು ಯಾವ ಸಾಲಿನಲ್ಲಿದ್ದಾನೆ, ಯಾರಲ್ಲಿ ಬೆರೆತಿದ್ದಾನೆ, ನನಗೆ ಈಗಲೂ ಗೊತ್ತಿಲ್ಲ. ಆ ಮಾತಿನಲ್ಲಿ ನಂಬಿಕೆ ಎಷ್ಟಿತ್ತು, ಆಸೆ ಎಷ್ಟಿತ್ತು ಎಂದು ಅಳೆಯಲೂ ಹೋಗಲಿಲ್ಲ. ಎದ್ದು ಬರಲಿ ಮಹದೇವಸ್ವಾಮಿ. ಬಂದು, ನೀನು ಮಾಡಿದ್ದು ತಪ್ಪು ಕಣೋ ಎಂದು ಬಾಯಿಗೆ ಬಂದಂತೆ ಬೈಯಲಿ.